ಇಂದಿನ ಧಮ್ಮ ಚಿಂತನೆ: ಕಾಲು ನೋವು ಮತ್ತು ಕರಿದಾರ

ನಮೋ ಬುದ್ಧಾಯ. ಜೈ ಭೀಮ್.

ಈ ವಾರ ಚಿಂತನೆ ಬರೆಯುವ ಸರದಿ ನನ್ನದು. ಪ್ರತಿ ಸಲ ಬುದ್ಧರ ಒಂದು ಉಪದೇಶ ಹಿಡಿದು, ಅದರ ಅರ್ಥ ಬಿಡಿಸಿ ಕಳಿಸುತ್ತಿದ್ದೆ. ಇವತ್ತು ಮೊದಲು ನನ್ನದೊಂದು ತಪ್ಪನ್ನು ನಿಮ್ಮ ಮುಂದೆ ಇಡುತ್ತೇನೆ. ಉಪದೇಶಕ್ಕೆ ಆಮೇಲೆ ಬರುತ್ತೇನೆ.

ಕಳೆದ ಮಳೆಗಾಲದಲ್ಲಿ ಸುಮಾರು ಎರಡು ತಿಂಗಳು ನನ್ನ ಎಡಗಾಲಿಗೆ ಮಂತ್ರಿಸಿದ ಕರಿದಾರ ಕಟ್ಟಿಕೊಂಡಿದ್ದೆ. ಅದನ್ನು ಕಾಲುಚೀಲದೊಳಗೆ ಮುಚ್ಚಿಟ್ಟುಕೊಂಡೇ ಭಾನುವಾರದ ಸಭೆಗೆ ಬಂದು, ನಿಮ್ಮೆಲ್ಲರ ಜೊತೆ ತ್ರಿಶರಣ, ಪಂಚಶೀಲ ಹೇಳಿದ್ದೇನೆ. ಒಬ್ಬರು, "ಸಾರ್, ಕಾಲುಚೀಲ ಯಾಕೆ ಬಿಚ್ಚಲಿಲ್ಲ?" ಎಂದು ಕೇಳಿದ್ದರು. "ನೆಲ ತಣ್ಣಗಿದೆ, ಕಾಲು ನೋಯುತ್ತದೆ" ಎಂದೆ. ಕಾಲು ನೋಯುತ್ತಿದ್ದದ್ದು ನಿಜ, ಕಾರಣ ಸುಳ್ಳು. ಅದೇ ತಿಂಗಳು ಬಾಬಾಸಾಹೇಬರ 22 ಪ್ರತಿಜ್ಞೆಗಳ ಮೇಲೆ ಬಳಗದಲ್ಲಿ ಮಾತಾಡಿದವನೂ ನಾನೇ.

ಹೀಗೆ ಯಾಕಾಯಿತು ಎಂದು ಹೇಳಬೇಕಾದರೆ ಓಟದಿಂದ ಶುರು ಮಾಡಬೇಕು.

ನನಗೀಗ 51 ವರ್ಷ. 44ರಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಶುಗರ್ ಗಡಿಯಲ್ಲಿದೆ, ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದರು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡಿಗೆ ಶುರುವಾಯಿತು. ವರ್ಷ ಕಳೆಯುವುದರೊಳಗೆ ನಡಿಗೆ ಓಟವಾಯಿತು. ಬೆಳಗಿನ ಆರು ಗಂಟೆ, ಕೆರೆಯ ಮೇಲಿನ ಮಂಜು, ಹಕ್ಕಿಗಳ ಸದ್ದು. ಅಲ್ಲಿ ಓಡುವವರನ್ನು ಯಾರೂ ಯಾವ ಕೇರಿಯವರು ಎಂದು ಕೇಳುವುದಿಲ್ಲ. ದಾರಿ ಎಲ್ಲರದು.

ನಿಮ್ಮಲ್ಲಿ ಹಲವರಿಗೆ ಇದು ಸಣ್ಣ ಮಾತಲ್ಲ ಎಂದು ಗೊತ್ತು. ನಮ್ಮಪ್ಪ ಟೈರಿನ ಅಟ್ಟೆಯ ಎಕ್ಕಡ ಮೆಟ್ಟುತ್ತಿದ್ದರು. ಊರ ದೊಡ್ಡ ಬೀದಿ ಬಂದ ಕೂಡಲೇ ಬಗ್ಗಿ, ಎಕ್ಕಡ ಕಳಚಿ, ಕಂಕುಳಿಗೆ ಸಿಕ್ಕಿಸಿಕೊಂಡು ಬರಿಗಾಲಲ್ಲಿ ನಡೆಯುತ್ತಿದ್ದರು. ಬೀದಿ ದಾಟಿದ ಮೇಲೆ ಮತ್ತೆ ಮೆಟ್ಟಿಕೊಳ್ಳುತ್ತಿದ್ದರು. ನಾನಾಗ ಏಳೆಂಟು ವರ್ಷದವನು. "ಯಾಕಪ್ಪ?" ಅಂದರೆ "ಸುಮ್ನೆ ಬಾ ಮಗ" ಅನ್ನುತ್ತಿದ್ದರು. ಅದಕ್ಕೇ ಮೊದಲ ಸಲ ಓಟದ ಶೂ ಕೊಂಡು, ಲೇಸು ಬಿಗಿದು, ಯಾರ ಅಪ್ಪಣೆಯೂ ಇಲ್ಲದೆ ರಸ್ತೆ ಮಧ್ಯದಲ್ಲಿ ಓಡಿದ ದಿನ ನನಗೆ ಅಳು ಬಂದಿತ್ತು. ಓಟ ನನಗೆ ಬರೀ ಆರೋಗ್ಯದ ವಿಷಯವಾಗಿರಲಿಲ್ಲ. ಅಪ್ಪ ಕಂಕುಳಲ್ಲಿ ಇಟ್ಟುಕೊಂಡಿದ್ದನ್ನು ನಾನು ಕಾಲಿಗೆ ಹಾಕಿಕೊಂಡು ಓಡುತ್ತಿದ್ದೇನೆ ಎಂಬ ಹೆಮ್ಮೆ ಇತ್ತು.

ಆ ಹೆಮ್ಮೆಯೇ ಅತಿಯಾಯಿತು. ಎರಡು ವರ್ಷದ ಹಿಂದೆ, 21 ಕಿಲೋಮೀಟರ್ ಓಡಲೇಬೇಕೆಂದು ಹಟ ಹಿಡಿದೆ. ವಾರಕ್ಕೆ 20 ಕಿಲೋಮೀಟರ್ ಓಡುತ್ತಿದ್ದವನು ಒಂದೇ ತಿಂಗಳಲ್ಲಿ 40ಕ್ಕೆ ಏರಿಸಿದೆ. ಬಿಡುವಿನ ದಿನವಿಲ್ಲ. ಶೂಗಳ ಅಟ್ಟೆ ಸವೆದಿತ್ತು, ಬದಲಾಯಿಸಲಿಲ್ಲ. ಒಂದು ದಿನ ಬೆಳಿಗ್ಗೆ ಹಾಸಿಗೆಯಿಂದ ಎದ್ದು ಕಾಲೂರಿದರೆ ಎಡಗಾಲಿನ ಹಿಮ್ಮಡಿಯ ಮೇಲೆ ಹಿಂಬದಿಯಲ್ಲಿ ಹಿಡಿದು ಎಳೆದಂತಾಯಿತು. ಬಚ್ಚಲಮನೆಗೆ ಕುಂಟುತ್ತಾ ಹೋದೆ. ಹತ್ತು ನಿಮಿಷ ಓಡಾಡಿದ ಮೇಲೆ ಕಡಿಮೆಯಾಯಿತು. "ಏನಿಲ್ಲ ಬಿಡು" ಎಂದು ಓಡಲು ಹೋದೆ.

ಈ ನೋವಿನ ಸ್ವಭಾವವೇ ಹೀಗೆ. ಬೆಳಗಿನ ಮೊದಲ ಹೆಜ್ಜೆಗಳಲ್ಲಿ ಜೋರಾಗಿರುತ್ತದೆ, ಮೈ ಬಿಸಿಯಾದರೆ ಮರೆಯಾಗುತ್ತದೆ, ಮರುದಿನ ಬಡ್ಡಿ ಸಮೇತ ಬರುತ್ತದೆ. ಮೀನಖಂಡದಿಂದ ಹಿಮ್ಮಡಿಯ ಮೂಳೆಗೆ ಇಳಿದುಬರುವ ದಪ್ಪ ಹುರಿಯೊಂದಿದೆ, ಬೆರಳಲ್ಲಿ ಹಿಡಿದರೆ ಸಿಗುತ್ತದೆ. ನಾವು ಅದನ್ನು ನರ ಎನ್ನುತ್ತೇವೆ. ಅದು ನರವಲ್ಲ, ಸ್ನಾಯುವನ್ನು ಮೂಳೆಗೆ ಬಿಗಿದಿರುವ ಹುರಿ. ಡಾಕ್ಟರುಗಳು ಅಕಿಲಿಸ್ ಟೆಂಡನ್ ಎನ್ನುತ್ತಾರೆ. ಓಡುವಾಗ ಪ್ರತಿ ಹೆಜ್ಜೆಗೂ ಅದರ ಮೇಲೆ ಮೈತೂಕದ ಹಲವು ಪಟ್ಟು ಭಾರ ಬೀಳುತ್ತದೆ. ಅದಕ್ಕೆ ರಕ್ತದ ಹರಿವು ಕಡಿಮೆ. ಕೆಟ್ಟರೆ ಸರಿಯಾಗುವುದೂ ನಿಧಾನ. ನಡುವಯಸ್ಸಿನ ಓಟಗಾರರನ್ನು ಹೆಚ್ಚಾಗಿ ಕಾಡುವ ನೋವುಗಳಲ್ಲಿ ಇದೂ ಒಂದು.

ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ನೋವಿನ ಮಾತ್ರೆ ನುಂಗಿ ಮೂರು ತಿಂಗಳು ಓಡಿದೆ. ಆಮೇಲೆ ಮೆಟ್ಟಿಲು ಇಳಿಯಲೂ ಆಗದೆ ಪೂರ್ತಿ ಬಿಟ್ಟೆ. ಆರು ತಿಂಗಳು ಸುಮ್ಮನೆ ಕೂತೆ. ಕೂತರೂ ಹೋಗಲಿಲ್ಲ. ಓಡಿದರೆ ನೋವು, ಓಡದಿದ್ದರೂ ನೋವು. ರಾತ್ರಿ ಮಲಗಿದಾಗ ಕೈ ತಾನಾಗಿ ಹಿಮ್ಮಡಿಗೆ ಹೋಗಿ ಒತ್ತಿ ನೋಡುತ್ತಿತ್ತು. ಕೆರೆ ಏರಿಯ ಕಡೆ ಹೋಗುವುದನ್ನೇ ಬಿಟ್ಟೆ, ಓಡುವವರನ್ನು ಕಂಡರೆ ಹೊಟ್ಟೆಕಿಚ್ಚಾಗುತ್ತಿತ್ತು. ಮನೆಯಲ್ಲಿ ಸಿಡುಕು ಹೆಚ್ಚಾಯಿತು.

ಇಂಥ ಹೊತ್ತಿನಲ್ಲಿ ಕಾರಣ ಹೇಳಲು ಎಷ್ಟೊಂದು ಜನ ಬರುತ್ತಾರೆ ನೋಡಿ. ಆಫೀಸಿನಲ್ಲಿ ಒಬ್ಬರು, "ಶನಿ ಮೊದಲು ಹಿಡಿಯೋದೇ ಕಾಲನ್ನ ಸಾರ್" ಎಂದರು. ಇನ್ನೊಬ್ಬರು ಬಹಳ ಮೃದುವಾಗಿ, "ಏನ್ಮಾಡೋದು, ಹಿಂದಿನ ಜನ್ಮದ ಕರ್ಮ, ಅನುಭವಿಸಲೇಬೇಕು" ಎಂದರು. ಕೊನೆಗೆ ಊರಿನಿಂದ ಅಕ್ಕ ಬಂದಳು. ನನ್ನನ್ನು ಎತ್ತಿ ಆಡಿಸಿದವಳು. ನಾನು ದೀಕ್ಷೆ ತೆಗೆದುಕೊಂಡದ್ದು ಅವಳಿಗೆ ಇಂದಿಗೂ ಅರ್ಥವಾಗಿಲ್ಲ.

"ಮನೆದೇವ್ರ ಬುಟ್ಟೆ ಕಣ್ಲಾ, ಅದುಕ್ಕೇ ಕಾಲ್ಗೆ ಬಂದದೆ" ಎಂದು ಸೆರಗಿನ ಗಂಟಿನಿಂದ ಕರಿದಾರ ತೆಗೆದಳು.

"ಅಕ್ಕ, ನಾನು ಇದ್ನೆಲ್ಲ ನಂಬಲ್ಲ" ಅಂದೆ.

"ನೀನು ನಂಬ್ಬೇಡ ಬುಡು. ನಾನು ನಂಬ್ತೀನಿ. ನನ್ ಸಮಾಧಾನುಕ್ಕೆ ಕಟ್ಕೊ."

ಅವಳ ಸಮಾಧಾನಕ್ಕೆ ಎಂದು ಕಾಲು ಚಾಚಿದೆ. ನಿಜ ಹೇಳಬೇಕೆಂದರೆ ಅದು ಅವಳ ಸಮಾಧಾನಕ್ಕೆ ಮಾತ್ರವಾಗಿರಲಿಲ್ಲ. ಅವಳು ಊರಿಗೆ ಹೋದ ಮೇಲೆ ಬಿಚ್ಚಬಹುದಿತ್ತು. ಬಿಚ್ಚಲಿಲ್ಲ. "ಇದ್ದರೆ ಇರಲಿ, ಯಾರಿಗೆ ಗೊತ್ತು" ಎಂದಿತು ಮನಸ್ಸು. ನೋವು ವರ್ಷ ದಾಟಿದಾಗ ಮನಸ್ಸು ಎಷ್ಟು ಸಣ್ಣ ಸಂದಿಯಲ್ಲೂ ನುಗ್ಗುತ್ತದೆ ಎಂದು ನನಗೆ ಆಗ ತಿಳಿಯಿತು.

ಒಂದು ದಿನ ಮಗಳು ಬಲವಂತ ಮಾಡಿ ಫಿಸಿಯೋಥೆರಪಿ ಮೇಡಂ ಹತ್ತಿರ ಕರೆದುಕೊಂಡು ಹೋದಳು. ಮೇಡಂ, "ಕಾಲುಚೀಲ ಬಿಚ್ಚಿ" ಎಂದರು. ನಾನು ಬಲಗಾಲಿನದು ಮೊದಲು ಬಿಚ್ಚಿದೆ. ಎಡಗಾಲಿನದು ಬಿಚ್ಚಲೇಬೇಕಾಯಿತು. ಮೇಡಂ ದಾರವನ್ನು ಮೇಲಕ್ಕೆ ಸರಿಸಿ ತಮ್ಮ ಕೆಲಸ ಮಾಡಿದರು, ಏನೂ ಅನ್ನಲಿಲ್ಲ. ಮಗಳು ಅಲ್ಲಿ ಸುಮ್ಮನಿದ್ದಳು. ಆಟೋದಲ್ಲಿ ಕೇಳಿದಳು: "ಅಪ್ಪ, ನಾನು ಚಿಕ್ಕವಳಿದ್ದಾಗ ಜ್ವರ ಬಂದು ಅತ್ತೆ ದಾರ ಕಟ್ಟೋಕೆ ಬಂದ್ರೆ ನೀನು ಬಿಡ್ಲಿಲ್ಲ. ಆಸ್ಪತ್ರೆಗೆ ಎತ್ಕೊಂಡು ಹೋದೆ ಅಂತ ಅಮ್ಮ ಈಗ್ಲೂ ಹೇಳ್ತಾಳೆ. ನಿನ್ ಕಾಲಿಗೆ ಬೇರೆ ನ್ಯಾಯನಾ?"

ಬಂಧುಗಳೇ, ಆ ಪ್ರಶ್ನೆಗೆ ಉತ್ತರ ಹುಡುಕಲು ಹೋದಾಗ ಸಿಕ್ಕ ಮೂರು ಸಂಗತಿಗಳನ್ನು ಇವತ್ತು ನಿಮ್ಮ ಜೊತೆ ಹಂಚಿಕೊಳ್ಳುತ್ತೇನೆ.

ಮೊದಲನೆಯದು, ಸೀವಕನ ಪ್ರಶ್ನೆ. ರಾಜಗೃಹದ ವೇಳುವನದಲ್ಲಿ ಬುದ್ಧರು ಇದ್ದಾಗ ಮೋಳಿಯ ಸೀವಕ ಎಂಬ ಪರಿವ್ರಾಜಕ ಬಂದು ಕೇಳುತ್ತಾನೆ. ಮನುಷ್ಯ ಅನುಭವಿಸುವ ಸುಖ, ದುಃಖ ಎಲ್ಲವೂ ಅವನು ಹಿಂದೆ ಮಾಡಿದ್ದರ ಫಲವೇ ಎಂದು ಕೆಲವರು ಹೇಳುತ್ತಾರೆ, ನೀವೇನು ಹೇಳುತ್ತೀರಿ ಎಂದು. ಇದು ಸಂಯುತ್ತ ನಿಕಾಯದ ವೇದನಾ ಸಂಯುತ್ತದಲ್ಲಿದೆ. ಬುದ್ಧರ ಉತ್ತರ ಒಬ್ಬ ವೈದ್ಯನ ಉತ್ತರದಂತಿದೆ. ಪಿತ್ತದಿಂದ ಬರುವ ನೋವಿದೆ, ಕಫದಿಂದ, ವಾತದಿಂದ, ಈ ಮೂರೂ ಕೂಡಿ ಬರುವ ನೋವಿದೆ. ಋತು ಬದಲಾವಣೆಯಿಂದ ಬರುವುದಿದೆ. ದೇಹವನ್ನು ಸರಿಯಾಗಿ ನೋಡಿಕೊಳ್ಳದೆ ಬರುವುದಿದೆ. ಬೇರೆಯವರ ಹೊಡೆತದಿಂದ ಬರುವುದಿದೆ. ಎಂಟನೆಯದಾಗಿ ಕರ್ಮಫಲವನ್ನೂ ಹೆಸರಿಸುತ್ತಾರೆ. ಆದರೆ ಎಲ್ಲವೂ ಹಿಂದಿನದರ ಫಲ ಎನ್ನುವವರು, ತಾವೇ ಕಣ್ಣಾರೆ ಕಂಡದ್ದನ್ನೂ ಲೋಕ ಬಲ್ಲದ್ದನ್ನೂ ಮೀರಿ ಮಾತಾಡುತ್ತಾರೆ, ಅದು ತಪ್ಪು ಎಂದು ಸ್ಪಷ್ಟವಾಗಿ ಹೇಳುತ್ತಾರೆ.

ಆ ಪಟ್ಟಿಯಲ್ಲಿ ನನ್ನ ಕಾಲು ನೋವು ಎಲ್ಲಿದೆ? ಆರನೆಯ ಜಾಗದಲ್ಲಿ. ದೇಹವನ್ನು ಸರಿಯಾಗಿ ನೋಡಿಕೊಳ್ಳದ ನೋವು. ಪಾಳಿಯಲ್ಲಿ ಅದನ್ನು ವಿಷಮ ಪರಿಹಾರ ಎನ್ನುತ್ತಾರೆ. ಇಲ್ಲಿ ಪರಿಹಾರ ಎಂದರೆ ಪಾಲನೆ, ವಿಷಮ ಎಂದರೆ ಏರುಪೇರು. ಒಂದು ತಿಂಗಳಲ್ಲಿ ಓಟವನ್ನು ಇಮ್ಮಡಿ ಮಾಡಿದೆನಲ್ಲ, ಅದು ವಿಷಮ. ಸವೆದ ಶೂ, ನಿದ್ದೆಗೆಟ್ಟ ರಾತ್ರಿ, ಬಿಡುವಿಲ್ಲದ ವಾರ, ಅದೂ ವಿಷಮ. ನನ್ನ ನೋವಿಗೆ ಶನಿಯೂ ಬೇಕಿಲ್ಲ, ಮನೆದೇವರ ಸಿಟ್ಟೂ ಬೇಕಿಲ್ಲ. ತಾರೀಖು ಹಾಕಿ ತೋರಿಸಬಹುದಾದ ಕಾರಣ ಮನೆಯಲ್ಲೇ ಇತ್ತು.

ಈ ಮಾತು ನಮಗೆ ಬರೀ ಕಾಲು ನೋವಿನ ಮಾತಲ್ಲ. ಅಪ್ಪ ಎಕ್ಕಡ ಕಳಚಿದಾಗ ಊರಿನವರು ಹೇಳಿದ್ದೂ ಇದನ್ನೇ. ಹಿಂದಿನ ಜನ್ಮದ ಕರ್ಮ, ಆ ಕೇರಿಯಲ್ಲಿ ಹುಟ್ಟಿದ್ದಾರೆ, ಅನುಭವಿಸಲಿ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಈ ವಾದವನ್ನು ಬೇರು ಸಮೇತ ಕಿತ್ತಿದ್ದಾರೆ. ಬಡವರ, ತುಳಿತಕ್ಕೊಳಗಾದವರ ಸ್ಥಿತಿಗೆ ಅವರ ಹಿಂದಿನ ಜನ್ಮವೇ ಕಾರಣ ಎಂದುಬಿಟ್ಟರೆ ಸಮಾಜವೂ ಸರ್ಕಾರವೂ ಹೊಣೆಯಿಂದ ಜಾರಿಕೊಳ್ಳುತ್ತವೆ ಎಂಬುದು ಅವರ ವಾದದ ತಿರುಳು. ನಾನು ಕಾಲಿಗೆ ದಾರ ಕಟ್ಟಿಕೊಂಡಾಗ ಕೈಬಿಟ್ಟದ್ದು ಇದನ್ನೇ. ಇಷ್ಟು ಸಣ್ಣ ನೋವಿಗೆ ಕಾಣದ ಕಾರಣವನ್ನು ಒಪ್ಪಿಕೊಂಡವನು, ಅಪ್ಪನ ಬರಿಗಾಲಿಗೆ ಅದೇ ಕಾರಣ ಹೇಳಿದವರನ್ನು ಯಾವ ಬಾಯಲ್ಲಿ ತಪ್ಪು ಎನ್ನಲಿ?

ಎರಡನೆಯದು, ಸೋಣನ ಪಾದಗಳು. ಸೋಣ ಕೋಳಿವಿಸ ಚಂಪಾ ನಗರದ ಸಿರಿವಂತನ ಮಗ. ಅಂಗಾಲಲ್ಲಿ ಕೂದಲು ಬೆಳೆದಿತ್ತು ಎನ್ನುವಷ್ಟು ಮೆತ್ತಗಿನ ಪಾದ. ಭಿಕ್ಖುವಾದ ಮೇಲೆ ರಾಜಗೃಹದ ಹತ್ತಿರ ಸೀತವನದಲ್ಲಿ ಹಗಲೂ ರಾತ್ರಿ ನಡೆದು ಸಾಧನೆ ಮಾಡಿದ. ಪಾದ ಒಡೆದು, ನಡೆಯುವ ದಾರಿಯೆಲ್ಲ ರಕ್ತವಾಯಿತು. ಇಷ್ಟಾದರೂ ಏನೂ ಸಿಗಲಿಲ್ಲ, ಮನೆಗೇ ಹೋಗೋಣ ಎಂದುಕೊಂಡ. ಮೂರು ತಿಂಗಳು ಮಾತ್ರೆ ನುಂಗಿ ಓಡಿ, ಆಮೇಲೆ ಆರು ತಿಂಗಳು ಮಂಚ ಹಿಡಿದ ನನ್ನದೂ ಅದೇ ಕಥೆ. ಅತಿಯಾಗಿ ಮಾಡುವುದು, ಆಗದಿದ್ದರೆ ಪೂರ್ತಿ ಬಿಟ್ಟುಬಿಡುವುದು.

ಬುದ್ಧರು ಬಂದು ಅವನಿಗೆ ಅವನ ಹಳೆಯ ವೀಣೆಯನ್ನು ನೆನಪಿಸಿದರು. ತಂತಿ ತೀರಾ ಬಿಗಿಯಾದರೂ ನುಡಿಯುವುದಿಲ್ಲ, ತೀರಾ ಸಡಿಲವಾದರೂ ನುಡಿಯುವುದಿಲ್ಲ ಎಂಬುದನ್ನು ಅವನ ಬಾಯಿಂದಲೇ ಹೇಳಿಸಿದರು. ಈ ಕಥೆಯನ್ನು ನಾನೇ ಬಳಗದಲ್ಲಿ ಎಷ್ಟು ಸಲ ಹೇಳಿದ್ದೇನೋ. ಆದರೆ ಮಧ್ಯಮ ಮಾರ್ಗ ಎಂದರೆ ಸ್ವಲ್ಪ ಮಾಡುವುದು, ಸ್ವಲ್ಪ ಬಿಡುವುದು ಎಂದೇ ತಿಳಿದಿದ್ದೆ. ಫಿಸಿಯೋ ಮೇಡಂ ಅದನ್ನು ನನ್ನ ಕಾಲಲ್ಲೇ ತೋರಿಸಿದರು. "ಈ ಹುರಿಗೆ ಭಾರ ಹೆಚ್ಚಾದರೂ ಕೆಡುತ್ತದೆ, ಭಾರವೇ ಇಲ್ಲದಿದ್ದರೂ ಸೊರಗುತ್ತದೆ. ನೀವು ಎರಡನ್ನೂ ಮಾಡಿದ್ದೀರಿ. ಇನ್ನು ಅಳತೆ ಮಾಡಿ ಭಾರ ಕೊಡಬೇಕು" ಎಂದರು.

ಅವರು ಹೇಳಿಕೊಟ್ಟ ಅಭ್ಯಾಸದ ಹಿಂದೆ ಒಂದು ಕಥೆಯಿದೆ. ಸ್ವೀಡನ್ನಿನ ಮೂಳೆ ವೈದ್ಯ ಹಾಕನ್ ಆಲ್ಫ್ರೆಡ್ಸನ್ ಅವರಿಗೂ ಇದೇ ಹುರಿಯಲ್ಲಿ ನೋವಿತ್ತು. ಆಪರೇಷನ್ ಮಾಡಿ ಎಂದು ಕೇಳಿದರೆ ಮೇಲಿನ ವೈದ್ಯರು ಒಪ್ಪಲಿಲ್ಲ. ಹುರಿ ಹರಿದರಾದರೂ ಆಪರೇಷನ್ ಮಾಡುತ್ತಾರೆ ಎಂದು ಅವರು ಬೇಕೆಂದೇ ಮೆಟ್ಟಿಲ ಮೇಲೆ ಹಿಮ್ಮಡಿ ಇಳಿಸುವ ವ್ಯಾಯಾಮವನ್ನು ಜೋರಾಗಿ ಮಾಡಿದರು. ಹರಿಯುವ ಬದಲು ನೋವೇ ಹೋಯಿತು. ಅವರು ಅದನ್ನು ಪವಾಡ ಎನ್ನಲಿಲ್ಲ. ನಡುವಯಸ್ಸಿನ 15 ಓಟಗಾರರಿಗೆ 12 ವಾರ ಮಾಡಿಸಿ ನೋಡಿದರು. 15 ಮಂದಿಯೂ ಮತ್ತೆ ಓಡುವಂತಾದರು. 1998ರಲ್ಲಿ ಅದನ್ನು ಪ್ರಕಟಿಸಿದರು. ಆಮೇಲೆ ಬೇರೆಯವರೂ ಪರೀಕ್ಷಿಸಿದರು, ಎಲ್ಲರಿಗೂ ಅಷ್ಟೇ ಚೆನ್ನಾಗಿ ಫಲ ಕೊಡುವುದಿಲ್ಲ ಎಂಬುದೂ ಗೊತ್ತಾಯಿತು. ನಾವು ಧಮ್ಮದ ಗುಣಗಳಲ್ಲಿ ಏಹಿಪಸ್ಸಿಕೋ ಎನ್ನುತ್ತೇವೆ, ಬಂದು ನೋಡು ಎಂದು. ಬಂದು ನೋಡು ಎಂದರೆ ಇದೇ ಅಲ್ಲವೇ? ದಾರ ಕಟ್ಟಿದವರು ಯಾರೂ ಎಷ್ಟು ಜನಕ್ಕೆ ಗುಣವಾಯಿತು, ಎಷ್ಟು ಜನಕ್ಕೆ ಆಗಲಿಲ್ಲ ಎಂದು ಲೆಕ್ಕ ಇಡುವುದಿಲ್ಲ.

ಅಭ್ಯಾಸ ಇಷ್ಟೇ. ಮೆಟ್ಟಿಲ ಅಂಚಿನಲ್ಲಿ ಪಾದದ ಮುಂಭಾಗ ಊರಿ ನಿಲ್ಲಬೇಕು. ಒಳ್ಳೆಯ ಕಾಲಿನ ಬಲದಿಂದ ಮೇಲೇರಬೇಕು. ನೋವಿನ ಕಾಲಿನ ಮೇಲೆ ಭಾರ ಬಿಟ್ಟು ಹಿಮ್ಮಡಿಯನ್ನು ನಿಧಾನವಾಗಿ ಕೆಳಕ್ಕೆ ಇಳಿಸಬೇಕು. ಮಂಡಿ ನೆಟ್ಟಗಿಟ್ಟು 15ರಂತೆ ಮೂರು ಸಲ, ಮಂಡಿ ಸ್ವಲ್ಪ ಬಗ್ಗಿಸಿ 15ರಂತೆ ಮೂರು ಸಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ದಿನಕ್ಕೆ 180 ಸಲ, 12 ವಾರ. ಸುಲಭವಾದ ಮೇಲೆ ಬೆನ್ನಿಗೆ ಚೀಲ ಹಾಕಿ ಭಾರ ಸೇರಿಸಬೇಕು. ನಾನು ಬಾಬಾಸಾಹೇಬರ ಬರಹಗಳ ಕನ್ನಡ ಸಂಪುಟ ತುಂಬಿಕೊಂಡೆ. ಒಂದೊಂದೇ ಸಂಪುಟ ಸೇರಿಸುತ್ತಾ ಹೋದೆ. ಮಗಳು, "ಓದಿದ್ದಕ್ಕಿಂತ ಹೊತ್ತಿದ್ದೇ ಜಾಸ್ತಿ" ಎಂದು ನಕ್ಕಳು.

ನೋವಿನ ಅಳತೆಗೂ ಮೇಡಂ ಒಂದು ನಿಯಮ ಕೊಟ್ಟರು. ಮಾಡುವಾಗ ನೋವು ಇರಬಹುದು, ಆದರೆ ಹತ್ತಕ್ಕೆ ಐದನ್ನು ದಾಟಬಾರದು. ಮರುದಿನ ಬೆಳಗಿನ ಮೊದಲ ಹೆಜ್ಜೆಯಲ್ಲಿ ನಿನ್ನೆಗಿಂತ ಹೆಚ್ಚಿರಬಾರದು. ಹೆಚ್ಚಿದ್ದರೆ ಅವತ್ತು ಭಾರ ಇಳಿಸು. ಬಂಧುಗಳೇ, ವೇದನಾನುಪಸ್ಸನೆ ಎಂದು ನಾವು ಕಣ್ಣುಮುಚ್ಚಿ ಕೂರುತ್ತೇವಲ್ಲ, ಅದನ್ನು ಮೆಟ್ಟಿಲ ಮೇಲೆ ಕಲಿತೆ. ನೋವು ಬಂದಾಗ "ಅಯ್ಯೋ, ಮುಗಿಯಿತು" ಎನ್ನದೆ, ಇದು ಎಷ್ಟಿದೆ, ಎಲ್ಲಿದೆ, ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ನೋಡುವುದು. ಮೂರು ಎಂದರೆ ಮೂರು. ಅದನ್ನು ಎಂಟು ಎನ್ನುವುದೂ ಸುಳ್ಳು, ಸೊನ್ನೆ ಎನ್ನುವುದೂ ಸುಳ್ಳು.

ಒಂದು ಎಚ್ಚರಿಕೆ. ಇದನ್ನು ಓದಿ ಎಲ್ಲ ಕಾಲು ನೋವಿಗೂ ಮೆಟ್ಟಿಲು ಹತ್ತಬೇಡಿ. ಮೀನಖಂಡ ಊದಿಕೊಂಡು ಬಿಸಿಯಾಗಿದ್ದರೆ, ಮೂಳೆಯ ಒಂದೇ ಜಾಗದಲ್ಲಿ ಒತ್ತಿದರೆ ಚುಚ್ಚಿ ರಾತ್ರಿಯೂ ನೋಯುತ್ತಿದ್ದರೆ, ಪಾದ ಉರಿ ಅಥವಾ ಜೋಮು ಇದ್ದರೆ, ನಡೆದಾಗ ಹಿಡಿದುಕೊಂಡು ನಿಂತರೆ ಬಿಡುತ್ತಿದ್ದರೆ, ಇಲ್ಲವೇ ಹಿಮ್ಮಡಿಯ ಹಿಂದೆ ಟಪ್ ಎಂದು ಯಾರೋ ಒದ್ದಂತಾಗಿ ನಿಲ್ಲಲು ಆಗದಿದ್ದರೆ, ಅವು ಬೇರೆ ಬೇರೆ ಕಾಯಿಲೆಗಳಿರಬಹುದು. ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ. ಶುಗರ್ ಇರುವವರು ಪಾದವನ್ನು ದಿನಾ ನೋಡಿಕೊಳ್ಳಿ. ಕಾರಣ ತಿಳಿಯದೆ ಮದ್ದು ಮಾಡುವುದೂ ಒಂದು ಬಗೆಯ ಕರಿದಾರವೇ.

ಮೂರನೆಯದು, ಸೋಣನ ಪಾದರಕ್ಷೆ. ವೀಣೆಯ ಕಥೆ ಎಲ್ಲರಿಗೂ ಗೊತ್ತು. ಅದರ ಮುಂದಿನ ಭಾಗವನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ವಿನಯ ಪಿಟಕದ ಮಹಾವಗ್ಗದಲ್ಲಿದೆ. ಸೋಣನ ಪಾದ ನೋಡಿ ಬುದ್ಧರು ಅವನಿಗೆ ಒಂದು ಪದರದ ಪಾದರಕ್ಷೆ ಹಾಕಿಕೊಳ್ಳಲು ಅನುಮತಿ ಕೊಡುತ್ತಾರೆ. ಸೋಣ ಒಪ್ಪುವುದಿಲ್ಲ. ಇಡೀ ಭಿಕ್ಖು ಸಂಘಕ್ಕೆ ಅನುಮತಿ ಕೊಟ್ಟರೆ ನಾನೂ ಹಾಕಿಕೊಳ್ಳುತ್ತೇನೆ, ನನಗೊಬ್ಬನಿಗೇ ಆದರೆ ಬೇಡ ಎನ್ನುತ್ತಾನೆ. ಬುದ್ಧರು ಸಂಘದ ಎಲ್ಲರಿಗೂ ಅನುಮತಿ ಕೊಡುತ್ತಾರೆ.

ಇದನ್ನು ಓದಿದ ರಾತ್ರಿ ನನಗೆ ಅಪ್ಪ ನೆನಪಾದರು. ಕಾಲಿಗೆ ಏನು ಹಾಕಬೇಕು ಎಂಬುದನ್ನು ಒಬ್ಬೊಬ್ಬರಿಗೆ ಒಂದೊಂದು ನ್ಯಾಯ ಮಾಡಿದ ಊರು ಒಂದು ಕಡೆ. ಎಲ್ಲರಿಗೂ ಇಲ್ಲದ್ದು ನನಗೂ ಬೇಡ ಎಂದ ಸಿರಿವಂತನ ಮಗ, ಅದನ್ನು ಎಲ್ಲರಿಗೂ ಕೊಟ್ಟ ಗುರು ಇನ್ನೊಂದು ಕಡೆ. ನಾನು ಶರಣು ಹೋದದ್ದು ಈ ಸಂಘಕ್ಕೆ. "ನಿನ್ ಕಾಲಿಗೆ ಬೇರೆ ನ್ಯಾಯನಾ?" ಎಂದು ಮಗಳು ಕೇಳಿದ್ದೂ ಇದೇ ಪ್ರಶ್ನೆ.

ಬಾಬಾಸಾಹೇಬರಿಗೂ ಕಾಲು ನೋವಿತ್ತು ಎಂಬುದನ್ನು ನಾವು ಮರೆಯುತ್ತೇವೆ. ಸಕ್ಕರೆ ಕಾಯಿಲೆ, ಕಾಲುಗಳಲ್ಲಿ ನರದ ನೋವು, ನಿದ್ದೆಯಿಲ್ಲದ ರಾತ್ರಿಗಳು. ಸಂವಿಧಾನದ ಕೆಲಸದ ವರ್ಷಗಳಲ್ಲೇ ಅದು ಅವರನ್ನು ಹಿಂಡಿತ್ತು. ಚಿಕಿತ್ಸೆಗೆ ಮುಂಬೈಗೆ ಹೋದಾಗಲೇ ಡಾ. ಶಾರದಾ ಕಬೀರ್ ಅವರ ಪರಿಚಯವಾಗಿ, 1948ರ ಏಪ್ರಿಲ್ 15ರಂದು ಮದುವೆಯಾದದ್ದು. ಅವರೇ ನಮ್ಮ ಮಾಯಿ ಸವಿತಾ ಅಂಬೇಡ್ಕರ್. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರ ಮುಂದೆ ದೀಕ್ಷೆ ಪಡೆಯಲು ನಿಂತಾಗ ಅವರ ಕೈಯಲ್ಲಿ ಊರುಗೋಲಿತ್ತು. ತಮ್ಮ ಕೊನೆಯ ಗ್ರಂಥಕ್ಕೆ ಬರೆದ ಮುನ್ನುಡಿಯಲ್ಲಿ, ತಮ್ಮ ಆಯಸ್ಸನ್ನು ಮುಂದಕ್ಕೆ ತಂದವರು ಎಂದು ಅವರು ನೆನೆದದ್ದು ಪತ್ನಿಯನ್ನು ಮತ್ತು ಡಾ. ಮಾಳವಣಕರ್ ಅವರನ್ನು. ಯಾವ ಹರಕೆಯನ್ನೂ ಅಲ್ಲ. ನಿಲ್ಲಲು ಕಷ್ಟವಾದ ಕಾಲುಗಳ ಮೇಲೆ ನಿಂತು ಅವರು ಲಕ್ಷಾಂತರ ಜನರಿಗೆ ಆ ಪ್ರತಿಜ್ಞೆಗಳನ್ನು ಹೇಳಿಕೊಟ್ಟರು. ಅದೇ ಪ್ರತಿಜ್ಞೆಯನ್ನು ನಾನು ಕಾಲು ನೋವಿನ ನೆಪದಲ್ಲಿ ಮುರಿದೆ.

ದಾರವನ್ನು ನಾನೇ ಕತ್ತರಿಸಿದೆ. ಬಿಸಾಕುವ ಮುಂಚೆ ಅಕ್ಕನಿಗೆ ಫೋನ್ ಮಾಡಿದೆ. ಅವಳು ಬೇರೆಯವರ ಬಾಯಲ್ಲಿ ಕೇಳಬಾರದು ಎಂದು. "ಅಕ್ಕ, ನೀನು ಪ್ರೀತಿಯಿಂದ ಕಟ್ಟಿದೆ, ನಾನು ಹೆದರಿ ಕಟ್ಟಿಸಿಕೊಂಡೆ. ಪ್ರೀತಿ ಇಟ್ಕೋತೀನಿ, ಹೆದರಿಕೆ ಬೇಡ" ಅಂದೆ. ಅವಳು ಬೇಜಾರು ಮಾಡಿಕೊಂಡಳು. ಎರಡು ವಾರ ಮಾತಾಡಲಿಲ್ಲ. ಆಮೇಲೆ ಒಂದು ದಿನ ಅವಳೇ ಫೋನ್ ಮಾಡಿ, "ನಂಗೂ ಮಂಡಿ ನೋಯ್ತದೆ ಕಣ್ಲಾ, ಆ ಮೇಡಂ ಎಷ್ಟ್ ತಕತಾರೆ?" ಎಂದು ಕೇಳಿದಳು. ಹೋದ ತಿಂಗಳು ಕರೆದುಕೊಂಡು ಹೋಗಿ ತೋರಿಸಿದೆ. ಅವಳ ಕಾಲಿನ ದಾರ ಹಾಗೇ ಇದೆ. ಇರಲಿ. ಮೊದಲು ಮಂಡಿ ಸರಿಯಾಗಲಿ.

ನನ್ನ ಕಾಲು? 12 ವಾರ ಮುಗಿದು ಇನ್ನೂ ಕೆಲವು ವಾರಗಳಾಗಿವೆ. ಪೂರ್ತಿ ಹೋಗಿಲ್ಲ. ಬೆಳಗಿನ ಮೊದಲ ಹೆಜ್ಜೆಯಲ್ಲಿ ಕೆಲವು ದಿನ ಒಂದು, ಕೆಲವು ದಿನ ಎರಡು. ಕೆರೆ ಏರಿಯ ಮೇಲೆ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂದು ಮತ್ತೆ ಶುರು ಮಾಡಿದ್ದೇನೆ. ಮೊದಲು ನನ್ನ ಹಿಂದೆ ಬೀಳುತ್ತಿದ್ದವರೆಲ್ಲ ಮುಂದೆ ಹೋಗುತ್ತಾರೆ. 21 ಕಿಲೋಮೀಟರ್ ಓಡುತ್ತೇನೋ ಇಲ್ಲವೋ ಗೊತ್ತಿಲ್ಲ. ಓಡದಿದ್ದರೂ ಅಪ್ಪನ ದಾರಿ ಯಾರೂ ಕಿತ್ತುಕೊಳ್ಳುವುದಿಲ್ಲ ಎಂದು ಈಗ ಅನ್ನಿಸುತ್ತದೆ. ಶೂ ಕಾಲಲ್ಲೇ ಇದೆ.

ಇಂದಿನ ಅಭ್ಯಾಸಕ್ಕೆ ಮೂರು ಮಾತು. ನಿಮ್ಮ ಮೈಯಲ್ಲೋ ಮನೆಯಲ್ಲೋ ಬಹಳ ದಿನದಿಂದ ಇರುವ ಒಂದು ನೋವನ್ನು ತೆಗೆದುಕೊಳ್ಳಿ. ಅದಕ್ಕೆ ಯಾರ್ಯಾರು ಏನೇನು ಕಾರಣ ಹೇಳಿದ್ದಾರೆ ಎಂದು ಬರೆದು, ಅದರಲ್ಲಿ ಪರೀಕ್ಷಿಸಿ ನೋಡಬಹುದಾದದ್ದು ಯಾವುದು ಎಂದು ಗುರುತು ಹಾಕಿ. ಆ ನೋವಿನ ವಿಷಯದಲ್ಲಿ ನೀವು ಅತಿ ಮಾಡುತ್ತಿದ್ದೀರೋ, ಕೈಚೆಲ್ಲಿದ್ದೀರೋ ನೋಡಿಕೊಳ್ಳಿ. ಮೂರನೆಯದು, ನನ್ನ ಹಾಗೆ ಕಾಲುಚೀಲದೊಳಗೆ ಏನಾದರೂ ಮುಚ್ಚಿಟ್ಟುಕೊಂಡಿದ್ದರೆ ಬಳಗದಲ್ಲಿ ಒಬ್ಬರಿಗಾದರೂ ಹೇಳಿ. ಬೈಯಲು ನಾವು ಇಲ್ಲಿ ಸೇರಿಲ್ಲ.

ಈ ಭಾನುವಾರ ಸಭೆಗೆ ಬರಿಗಾಲಲ್ಲಿ ಬರುತ್ತೇನೆ. ನೆಲ ತಣ್ಣಗಿದ್ದರೂ ಪರವಾಗಿಲ್ಲ.

ಎಲ್ಲರಿಗೂ ಮಂಗಳವಾಗಲಿ. ನೋವಿನಲ್ಲಿರುವ ಎಲ್ಲರೂ ನೋವಿನ ಕಾರಣ ಕಾಣುವಂತಾಗಲಿ.

ಸಾಧು, ಸಾಧು, ಸಾಧು.
ನಮೋ ಬುದ್ಧಾಯ. ಜೈ ಭೀಮ್.